ತೋಟದ ಎಟಿವಿಗೆ ಶಾಕ್ ಬದಲಿಸಬೇಕು: ರಿಸರ್ವಾಯರ್ ಇರೋದೇ ಬೇಕಾ, ಸಾದಾ ಸಾಕಾ?

ಕೆಸರುಗಾಲಿ:
ಗಾಡಿ (ದಪ್ಪ ಟೈರಿನ ನಾಲ್ಕು ಚಕ್ರದ ಎಟಿವಿ) ಪೋಲಾರಿಸ್ ಸ್ಪೋರ್ಟ್ಸ್‌ಮನ್ 570. ಓಡೋದು ಸಕಲೇಶಪುರ ಕಡೆಯ ಕಾಫಿ ತೋಟದೊಳಗೆ, ಬಹುಪಾಲು ಏರು-ಇಳಿಜಾರು, ಜಂಬಿಟ್ಟಿಗೆ ಮಣ್ಣು. ಸವಾರ 78 ಕೆಜಿ. ವಾರಕ್ಕೆ ಮೂರು ದಿನ ಹಿಂದಿನ ರ‍್ಯಾಕ್ ಮೇಲೆ ಸ್ಪ್ರೇ ಟ್ಯಾಂಕ್, ತುಂಬಿದಾಗ 70 ಕೆಜಿ. ಉಳಿದ ದಿನ ಖಾಲಿ. ಟ್ಯಾಂಕ್ ಇದ್ದಾಗ ಹಿಂಭಾಗ ಕೂತುಬಿಡುತ್ತೆ, ಚರಂಡಿ ದಾಟಿದ್ರೆ ಧಡ್ ಅಂತ ಬಡಿಯುತ್ತೆ. ಹಿಂದಿನ ಶಾಕ್‌ನ ಕ್ಯಾಮ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಮೆಟ್ಟಿಲಿನ ಬಳೆ) ಈಗಾಗಲೇ ಕೊನೇ ಮೆಟ್ಟಿಲಲ್ಲಿದೆ. ಫಾಕ್ಸ್, ಎಲ್ಕಾ ಕಂಪನಿಗಳ ಶಾಕ್ ನೋಡ್ತಿದ್ದೀನಿ. ರಿಸರ್ವಾಯರ್ (ಶಾಕ್‌ಗೆ ಜೋಡಿಸಿದ ಹೆಚ್ಚುವರಿ ಎಣ್ಣೆ ಡಬ್ಬಿ) ಇರೋದಕ್ಕೂ ಇಲ್ಲದ್ದಕ್ಕೂ ಬೆಲೆ ಬಹಳ ವ್ಯತ್ಯಾಸ. ನಾಲ್ಕೂ ಬದಲಿಸಬೇಕಾ? ಆರ್ಡರ್ ಮಾಡೋ ಮುಂಚೆ ಏನೇನು ಅಳೀಬೇಕು?

ಸ್ಪ್ಯಾನರ್ ಹದಿನೇಳು:
ಬ್ರಾಂಡ್ ಆಮೇಲೆ ನೋಡೋಣ ಸರ್. ನೀವು ಹೇಳಿದ ತೊಂದರೆ ಸ್ಪ್ರಿಂಗ್‌ದು. ಭಾರ ಹೊರೋದು ಸ್ಪ್ರಿಂಗ್, ಶಾಕ್‌ನೊಳಗಿನ ಎಣ್ಣೆ ಆ ಸ್ಪ್ರಿಂಗ್‌ನ ಕುಣಿತ ತಡೆಯುತ್ತೆ ಅಷ್ಟೆ. ಕ್ಯಾಮ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿಯಾಗಲ್ಲ, ಗಾಡಿ ಎತ್ತರ ಆಗುತ್ತೆ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ.

ಮೊದಲು ಸ್ಯಾಗ್ ಅಳೀರಿ, ಅಂದ್ರೆ ಭಾರಕ್ಕೆ ಗಾಡಿ ಎಷ್ಟು ಕುಸಿಯುತ್ತೆ ಅಂತ. ಹಿಂಭಾಗ ಜಾಕ್ ಮೇಲೆ ಎತ್ತಿ ಚಕ್ರ ಪೂರ್ತಿ ಜೋತು ಬೀಳಲಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಚಾಸಿಯ ಒಂದು ಗುರುತಿಗೆ ಟೇಪ್ ಹಿಡೀರಿ. ಆಮೇಲೆ ನೆಲಕ್ಕಿಳಿಸಿ, ಸವಾರ ಕೂತು, ಅದೇ ಅಳತೆ ತಗೊಳ್ಳಿ. ಎರಡರ ವ್ಯತ್ಯಾಸವೇ ಸ್ಯಾಗ್. ಇಳಿಸಿದ ತಕ್ಷಣ ಅಳೀಬೇಡಿ, ಟೈರುಗಳು ಒಳಗೆ ಸೇರಿಕೊಂಡಿರೋದ್ರಿಂದ ಗಾಡಿ ಎತ್ತರದಲ್ಲೇ ನಿಂತಿರುತ್ತೆ. ನಾಲ್ಕೈದು ಅಡಿ ಹಿಂದೆ ಮುಂದೆ ತಳ್ಳಿ, ಕೂತು ನಾಲ್ಕು ಸಲ ಕುಣಿಸಿ, ಆಮೇಲೆ ಅಳೀರಿ. ಖಾಲಿ ಒಮ್ಮೆ, ಟ್ಯಾಂಕ್ ತುಂಬಿ ಒಮ್ಮೆ.

ಜೊತೆಗೆ ಇನ್ನೊಂದು: ಶಾಕ್‌ನಿಂದ ಸ್ಪ್ರಿಂಗ್ ತೆಗೆದು, ಬರೀ ಶಾಕ್ ಮತ್ತೆ ಕೂರಿಸಿ, ಚಕ್ರ 10 ಸೆಂ.ಮೀ. ಎತ್ತಿದ್ರೆ ಶಾಕ್ ಎಷ್ಟು ಕುಗ್ಗುತ್ತೆ ನೋಡಿ. ಸ್ಪ್ರಿಂಗ್ ಬಿಚ್ಚೋಕೆ ಕಂಪ್ರೆಸರ್ ಬೇಕೇ ಬೇಕು, ಹಗ್ಗ-ತಂತಿ ಕಟ್ಟೋ ಸಾಹಸ ಬೇಡ.

ಘಟ್ಟದ ಗೇರು:
ರಿಸರ್ವಾಯರ್ ವಿಷಯಕ್ಕೆ ಬರ್ತೀನಿ. ಅದರ ಕೆಲಸ ಎಣ್ಣೆ ಜಾಸ್ತಿ ಹಿಡಿದು ಬಿಸಿ ತಡೆಯೋದು. ವೇಗವಾಗಿ ಸತತ ಗುಂಡಿ ಹಾರಿಸಿದ್ರೆ ಎಣ್ಣೆ ಕಾಯುತ್ತೆ, ತೆಳುವಾಗುತ್ತೆ, ಶಾಕ್ ಸೋಲುತ್ತೆ. ತೋಟದಲ್ಲಿ 15-20 ಕಿ.ಮೀ. ವೇಗಕ್ಕೆ ಅಷ್ಟು ಕಾಯೋದೇ ಇಲ್ಲ. ಎಣ್ಣೆ ಮತ್ತು ನೈಟ್ರೋಜನ್ ಮಧ್ಯೆ ತೇಲುವ ಪಿಸ್ಟನ್ ಇರೋ ಮೊನೊಟ್ಯೂಬ್ (ಒಂದೇ ಕೊಳವೆಯ ಶಾಕ್) ಸಾಕು. ಎರಡೂ ಒಟ್ಟಿಗೆ ಬೆರೆತಿರೋ ಅಗ್ಗದ ಎಮಲ್ಷನ್ ಶಾಕ್ ಬೇಗ ನೊರೆ ಕಟ್ಟುತ್ತೆ. ಉಳಿಸಿದ ದುಡ್ಡನ್ನ ರಿಬೌಂಡ್ ಅಡ್ಜಸ್ಟರ್‌ಗೆ (ಕುಗ್ಗಿದ ಶಾಕ್ ಮತ್ತೆ ಚಾಚೋ ವೇಗ ಹೊಂದಿಸೋ ತಿರುಪು) ಹಾಕಿ. ಭಾರ ಬದಲಾಗೋ ಗಾಡಿಗೆ ಅದೇ ಹೆಚ್ಚು ಉಪಯೋಗ.

ನಾಲ್ಕೂ ಒಟ್ಟಿಗೆ ಬೇಡ. 570ರ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕೇ ಚಕ್ರ ಹಿಡಿಯೋ ಕಂಬ), ಹಿಂದೆ ಡಬಲ್ ಎ-ಆರ್ಮ್ (ಮೇಲೆ ಕೆಳಗೆ ಎರಡು ತೋಳು). ಮುಂದೆ ಸ್ಟ್ರಟ್ಟೇ ಚಕ್ರವನ್ನ ಹಿಡಿದಿರೋದು, ಹಾಗಾಗಿ ಅಳತೆ ಹೊಂದುತ್ತೆ ಅಂತ ಬೇರೆ ಗಾಡಿಯ ಶಾಕ್ ಹಾಕೋಕಾಗಲ್ಲ, ಆಯ್ಕೆಯೂ ಕಡಿಮೆ. ಮೊದಲು ಹಿಂದಿನ ಜೋಡಿ.

ಕೆಸರುಗಾಲಿ:
ಅಳೆದೆ. ಹಿಂದಿನ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡೋ ಒಟ್ಟು ದೂರ) ಸುಮಾರು 24 ಸೆಂ.ಮೀ. ಸವಾರ ಮಾತ್ರ ಇದ್ದಾಗ ಸ್ಯಾಗ್ 8.5, ಟ್ಯಾಂಕ್ ತುಂಬಿದ್ರೆ 13.5. ಚಕ್ರ 10 ಎತ್ತಿದ್ರೆ ಶಾಕ್ 5.5 ಕುಗ್ಗುತ್ತೆ.

ಸ್ಪ್ಯಾನರ್ ಹದಿನೇಳು:
ಅಂದ್ರೆ ಟ್ರಾವೆಲ್‌ನ ಶೇ. 35 ಮತ್ತು ಶೇ. 56. ಅರ್ಧಕ್ಕಿಂತ ಜಾಸ್ತಿ ಟ್ರಾವೆಲ್ ನಿಂತಲ್ಲೇ ಮುಗಿದಿದೆ, ಬಡಿಯದೆ ಇನ್ನೇನಾಗುತ್ತೆ.

ಲೆಕ್ಕ ಹೀಗೆ. ರ‍್ಯಾಕ್ ಭಾರ ಆಕ್ಸಲ್‌ಗಿಂತ ತುಸು ಹಿಂದಿರೋದ್ರಿಂದ ಒಂದೊಂದು ಚಕ್ರಕ್ಕೆ 39 ಕೆಜಿ ಅಂತಿಟ್ಕೊಳ್ಳಿ. ಅದಕ್ಕೆ 5 ಸೆಂ.ಮೀ. ಕುಸಿದಿದೆ, ಅಂದ್ರೆ ಚಕ್ರದಲ್ಲಿ ಸೆಂ.ಮೀ.ಗೆ ಸುಮಾರು 8 ಕೆಜಿ. ಶಾಕ್-ಚಕ್ರ ಅನುಪಾತ 0.55, ಅದು ಬಲಕ್ಕೂ ದೂರಕ್ಕೂ ಎರಡು ಸಲ ಲೆಕ್ಕಕ್ಕೆ ಬರೋದ್ರಿಂದ ಅದರ ವರ್ಗ 0.30. 8ನ್ನ 0.30ರಿಂದ ಭಾಗಿಸಿದ್ರೆ ಈಗಿನ ಸ್ಪ್ರಿಂಗ್ ಸೆಂ.ಮೀ.ಗೆ 26-27 ಕೆಜಿ, ಅಂದ್ರೆ ಇಂಚಿಗೆ 150 ಪೌಂಡ್ ಹತ್ತಿರ. ಇಂಚಿಗೆ 200 ಪೌಂಡ್‌ನ ಸ್ಪ್ರಿಂಗ್ ಹಾಕಿ, ಪ್ರೀಲೋಡ್ (ಭಾರ ಬೀಳೋ ಮುಂಚೆಯೇ ಸ್ಪ್ರಿಂಗ್ ಒತ್ತಿ ಇಡೋದು) 10 ಮಿ.ಮೀ. ಆಸುಪಾಸು ಇಟ್ರೆ ಸವಾರನ ಜೊತೆ 6.5, ಟ್ಯಾಂಕ್ ಜೊತೆ 10 ಸೆಂ.ಮೀ. ಹತ್ತಿರ ನಿಲ್ಲುತ್ತೆ. ಖಾಲಿ ಇದ್ದಾಗ ಸ್ವಲ್ಪ ಗಡುಸು ಅನ್ನಿಸುತ್ತೆ, ಅದನ್ನ ಸಹಿಸ್ಕೋಬೇಕು.

ಎರಡು ಸ್ಪ್ರಿಂಗ್ ಒಂದರ ಮೇಲೊಂದು ಇರೋ ಶಾಕ್ ತಗೊಂಡ್ರೆ ಬರೆದಿರೋ ಅಂಕಿ ನೋಡಿ ಮೋಸ ಹೋಗ್ಬೇಡಿ. 150 ಮತ್ತು 300 ಸೇರಿದ್ರೆ ಶುರುವಿಗೆ ಸಿಗೋದು 100 ಮಾತ್ರ. ಕ್ರಾಸ್‌ಓವರ್ ರಿಂಗ್ (ಮೆತ್ತನೆ ಸ್ಪ್ರಿಂಗ್ ಮತ್ತೆ ಕುಗ್ಗದಂತೆ ತಡೆಯೋ ಬಳೆ) ತಾಗಿದ ಮೇಲೇ 300 ಆಗೋದು.

ಘಟ್ಟದ ಗೇರು:
ಉದ್ದದ ಬಗ್ಗೆ ಯಾರೂ ಹೇಳಿಲ್ಲ. ಪೂರ್ತಿ ಚಾಚಿದ ಉದ್ದ ಕಂಪನಿಯದಕ್ಕಿಂತ ಜಾಸ್ತಿ ಇದ್ರೆ ಸಿವಿ ಜಾಯಿಂಟ್ (ಚಕ್ರ ತಿರುಗಿಸೋ ಆಕ್ಸಲ್‌ನ ಬಾಗುವ ಕೀಲು) ಕೋನ ಮೀರಿ, ಅದರ ರಬ್ಬರ್ ಮುಚ್ಚಳ ಬೂಟ್ ಹರಿಯುತ್ತೆ. ಕೆಂಪು ಮಣ್ಣು ಒಳಗೆ ಹೋದ್ರೆ ಜಾಯಿಂಟ್ ಕತೆ ಮುಗೀತು. ಪೂರ್ತಿ ಕುಗ್ಗಿದ ಉದ್ದ ಜಾಸ್ತಿ ಇದ್ರೂ ಅಪಾಯ: ಬಂಪ್ ಸ್ಟಾಪ್ (ಕೊನೇ ಹೊಡೆತ ತಡೆಯೋ ರಬ್ಬರ್) ತಾಗೋ ಮುಂಚೆ ಶಾಕ್‌ನೊಳಗೇ ಲೋಹ ಲೋಹಕ್ಕೆ ಬಡಿದು ಮೌಂಟ್ ಕಿತ್ತು ಬರುತ್ತೆ. ಶಾಕ್‌ನ ಎರಡು ತುದಿಯ ಬೋಲ್ಟ್ ತೂತಿನ ನಡುವಿನ (ಕಣ್ಣಿಂದ ಕಣ್ಣಿಗೆ) ಎರಡೂ ಅಳತೆ, ಬುಷ್ ಅಗಲ, ಬೋಲ್ಟ್ ದಪ್ಪ, ಎಲ್ಲಾ ಬರೆದು ಕಳಿಸಿ. ಒಳ್ಳೆ ಶಾಕ್ ಕಟ್ಟೋರು ಸವಾರನ ತೂಕ, ರ‍್ಯಾಕ್ ಭಾರ ಕೇಳೇ ಕೇಳ್ತಾರೆ. ಕೇಳದೆ ಮಾರೋರ ಹತ್ರ ತಗೋಬೇಡಿ.

ಕೂರಿಸುವಾಗ ರಬ್ಬರ್ ಬುಷ್ ಆಗಿದ್ರೆ ಬೋಲ್ಟ್ ಕೊನೇ ಬಿಗಿ ಗಾಡಿ ನೆಲದ ಮೇಲೆ ನಿಂತ ಮೇಲೆ. ಜೋತಾಡ್ತಿರುವಾಗ ಬಿಗಿದ್ರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತೆ. ರಿಬೌಂಡ್ ತಿರುಪು ಪೂರ್ತಿ ಒಳಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಕಂಪನಿ ಹೇಳಿದಷ್ಟು ಕ್ಲಿಕ್ ಹೊರಗೆ ಎಣಿಸಿ. ಸಾಲು ಗುಂಡಿಯಲ್ಲಿ ಹೋಗ್ತಾ ಹೋಗ್ತಾ ಹಿಂಭಾಗ ಕೆಳಗಿಳಿದ್ರೆ ರಿಬೌಂಡ್ ನಿಧಾನ ಆಗಿದೆ, ಎರಡು ಕ್ಲಿಕ್ ಹೊರಗೆ ಬಿಡಿ. ಸೀಟು ಒದ್ದ ಹಾಗಾದ್ರೆ ಎರಡು ಒಳಗೆ.

ಕೆಸರುಗಾಲಿ:
ಸರಿ ಸರ್, ಹಿಂದಿನ ಜೋಡಿ ಮಾತ್ರ, ಸಾದಾ ಮೊನೊಟ್ಯೂಬ್, 200 ಪೌಂಡ್. ತೊಳೆಯುವಾಗ ಪ್ರೆಷರ್ ವಾಷರ್ ಹಿಡೀಬಹುದಾ?

ಸ್ಪ್ಯಾನರ್ ಹದಿನೇಳು:
ಸ್ಪ್ರಿಂಗ್‌ಗೆ ಹಿಡೀರಿ, ರಾಡ್ ಒಳಗೆ ಹೋಗೋ ಸೀಲ್‌ಗೆ ನೇರ ಬೇಡ. ಅಲ್ಲಿಗೆ ಬಕೆಟ್ ನೀರು, ಹಳೇ ಬ್ರಷ್. ರಾಡ್ ಮೇಲೆ ಎಣ್ಣೆ ಪಸೆ ಕಂಡ್ರೆ ಸೀಲ್ ಹೋಗಿದೆ ಅಂತ. ಒಳಗೆ ನೈಟ್ರೋಜನ್ ಒತ್ತಡ ಇರುತ್ತೆ, ನೀವೇ ಬಿಚ್ಚಬೇಡಿ.