ಇಂಜಿನ್ ಮೇಲೆ ಸಿಪಾಯಿ ಹೆಸರು: ನಮ್ಮ ಮನೆ ಗುಂಪಿನ ಜಗಳ

ಚಿಕ್ಕಪ್ಪ: (ಫಾರ್ವರ್ಡ್) ಬ್ರಿಟನ್ನಿನ ರೈಲು ಇಂಜಿನ್ ಮೇಲಿನ ಹಿತ್ತಾಳೆ ಫಲಕ ನೋಡಿ. 'ಪ್ರೈವೇಟ್ ಇ. ಸೈಕ್ಸ್ ವಿ.ಸಿ.' ವಿ.ಸಿ. ಅಂದರೆ ವಿಕ್ಟೋರಿಯಾ ಕ್ರಾಸ್, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಒಬ್ಬ ಮಾಮೂಲಿ ಸಿಪಾಯಿಗೆ ಆ ದೇಶ ಕೊಟ್ಟ ಗೌರವ! ನಮ್ಮಲ್ಲಿ ಏನಿದೆ? ಎಲ್ಲ ಗುಂಪಿಗೂ ಕಳಿಸಿ.

ಚಿಕ್ಕಪ್ಪ: ನಮಗೆ ನಾಚಿಕೆ ಆಗಬೇಕು.

ಅಣ್ಣ: ಬೆಳಗ್ಗೆ ಬೆಳಗ್ಗೆ ನಾಚಿಕೆ ಯಾಕೆ ಚಿಕ್ಕಪ್ಪ, ಕಾಫಿ ಆಯ್ತಾ?

ನಾನು: ಚಿಕ್ಕಪ್ಪ, ಆ ಹೆಸರು ಇಟ್ಟಿದ್ದು ದೇಶ ಅಲ್ಲ, ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ. ಆಗ ಅದು ಖಾಸಗಿ ಕಂಪನಿ. ಸೈಕ್ಸ್ ಅದರ ನೌಕರ. ಮೊದಲ ಮಹಾಯುದ್ಧದಲ್ಲಿ, 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅರಾಸ್ ಹತ್ತಿರ ಗುಂಡಿನ ಮಳೆಯಲ್ಲಿ ಹೋಗಿ ನಾಲ್ಕು ಗಾಯಾಳುಗಳನ್ನು ಹೊತ್ತು ತಂದರು. ಐದನೇ ಸಲ ಹೋದಾಗ ಕೂಡಲೇ ವಾಪಸ್ ಬರಲಿಲ್ಲ, ಎತ್ತಲಾಗದವರಿಗೆಲ್ಲ ಪಟ್ಟಿ ಕಟ್ಟುತ್ತಾ ಅಲ್ಲೇ ಉಳಿದರು. ಬದುಕಿ ಬಂದು ಮತ್ತೆ ರೈಲ್ವೆ ಕೆಲಸಕ್ಕೇ ಸೇರಿದರು.

ಚಿಕ್ಕಪ್ಪ: ಯಾರು ಇಟ್ಟರೇನು? ಇಟ್ಟರಲ್ಲ!

ನಾನು: ವ್ಯತ್ಯಾಸ ಇದೆ. ಆ ಕ್ಲಾಟನ್ ಜಾತಿಯ ಇಂಜಿನ್‌ಗಳಿಗೆ ಹೆಸರು ಬರುತ್ತಿದ್ದದ್ದು ಜಾಸ್ತಿ ಕಂಪನಿಯ ಡೈರೆಕ್ಟರ್‌ಗಳದ್ದು, ಮ್ಯಾನೇಜರ್‌ಗಳದ್ದು. ಕ್ಲಾಟನ್ ಅನ್ನೋದೇ ಚೇರ್ಮನ್ ಹೆಸರು. ಅದೇ ಸಾಲಿನಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೂವರು ನೌಕರರ ಹೆಸರನ್ನೂ ಕೂರಿಸಿದರು: ಸೈಕ್ಸ್, ವುಡ್, ಕ್ರಿಸ್ಟಿ. ನನಗೆ ಇಷ್ಟವಾಗೋದು ಅದು. ಮಾಲೀಕನ ಸಾಲಿನಲ್ಲಿ ಕೂಲಿಯವನಿಗೆ ಜಾಗ.

ಅಣ್ಣ: ಪಿಂಚಣಿ ಕೊಡೋದಕ್ಕಿಂತ ಫಲಕ ಹೊಡೆಯೋದು ಅಗ್ಗ ಅಲ್ವಾ?

ದೊಡ್ಡಪ್ಪ: ಅಣ್ಣನ ಮಾತು ಸುಮ್ನೆ ತಳ್ಳಿಹಾಕಬೇಡಿ. ಇಂಜಿನ್ ಓಡಿಸಿದವನು ನಾನು. ಶೆಡ್‌ನಲ್ಲಿ ಇಂಜಿನ್ ಅಂದರೆ ನಂಬರು ಅಷ್ಟೆ. ಹೆಸರು ಓದುವವನು ಪ್ಲಾಟ್‌ಫಾರ್ಮ್ ಮೇಲಿರುತ್ತಾನೆ. ಆಯಸ್ಸು ಮುಗಿದ ಮೇಲೆ ಇಂಜಿನ್ ಗುಜರಿಗೆ. ಆಮೇಲೆ ಹೆಸರು ಎಲ್ಲಿ?

ನಾನು: ಸರಿಯಾದ ಪ್ರಶ್ನೆ. ಕ್ಲಾಟನ್‌ಗಳು ಹೋದ ಮೇಲೆ ಸೈಕ್ಸ್, ವುಡ್ ಹೆಸರು ಪೇಟ್ರಿಯಟ್ ಜಾತಿಯ ಇಂಜಿನ್‌ಗಳಿಗೆ ಬಂತು. ಕ್ರಿಸ್ಟಿ ಹೆಸರು ಬರಲಿಲ್ಲ. ಬ್ಲ್ಯಾಕ್‌ಪೂಲ್, ರಿಲ್, ಸೌತ್‌ಪೋರ್ಟ್ ಅಂತ ಕಡಲತೀರದ ಊರುಗಳಿಗೆಲ್ಲ ಜಾಗ ಸಿಕ್ಕಿತು, ಆ ಮನುಷ್ಯನಿಗೆ ಇಲ್ಲ. ಇದು ನನಗೂ ಸಿಟ್ಟು ತರಿಸುತ್ತದೆ. 1965ರ ಹೊತ್ತಿಗೆ ಪೇಟ್ರಿಯಟ್‌ಗಳೂ ಎಲ್ಲವೂ ಗುಜರಿ.

ಅಣ್ಣ: ಚಿಕ್ಕಪ್ಪ, ನಾಚಿಕೆ ಸ್ವಲ್ಪ ಕಮ್ಮಿ ಆಯ್ತಾ?

ಚಿಕ್ಕಪ್ಪ: ನೀನು ಸುಮ್ಮನಿರು. ನಮ್ಮಲ್ಲಿ ಅಷ್ಟಾದರೂ ಇದೆಯಾ?

ದೊಡ್ಡಪ್ಪ: ಇತ್ತು. ಪರಮವೀರ ಚಕ್ರದ ಯೋಧರ ಹೆಸರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್‌ನ ಎಣ್ಣೆ ಹಡಗುಗಳೇ 15 ಇದ್ದವು. ಮೇಜರ್ ಸೋಮನಾಥ ಶರ್ಮಾ, ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ, ಎಲ್ಲರೂ ಸಮುದ್ರ ಸುತ್ತಿದರು. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೂ ಅದೇ ಯೋಧರ ಹೆಸರು ಇಟ್ಟರು. ದ್ವೀಪವನ್ನು ಗುಜರಿಗೆ ಹಾಕೋಕೆ ಆಗಲ್ಲ, ನೋಡಿ.

ಮೈಸೂರು ಅತ್ತೆ: ಆ ಕ್ರಿಸ್ಟಿ ಎಲ್ಲಿ ಹೋರಾಡಿದ್ದು?

ನಾನು: ಪ್ಯಾಲೆಸ್ಟೈನ್‌ನಲ್ಲಿ ಅತ್ತೆ, 1917ರ ಡಿಸೆಂಬರ್.

ಮೈಸೂರು ಅತ್ತೆ: ಹಾಗಾದರೆ ನಮ್ಮ ಮೈಸೂರು ಲ್ಯಾನ್ಸರ್ಸ್ ಮರುವರ್ಷ ಸೆಪ್ಟೆಂಬರ್‌ನಲ್ಲಿ ಹೈಫಾ ಗೆದ್ದದ್ದೂ ಅದೇ ಯುದ್ಧರಂಗ. ಕುದುರೆ ಮೇಲೆ ಈಟಿ ಹಿಡಿದು ಮೆಷಿನ್ ಗನ್ ಎದುರಿಗೆ ಹೋದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಕಂಬ ಇದೆ. ಈ ಗುಂಪಿನಲ್ಲಿ ಬೆಂಗಳೂರಿನವರು ಎಷ್ಟೊಂದು ಜನ ಇದ್ದೀರಿ. ಯಾರು ನೋಡಿದ್ದೀರಿ?

(ಒಂದೂವರೆ ಗಂಟೆ ಯಾರೂ ಬಾಯಿ ಬಿಡಲಿಲ್ಲ. ನೀಲಿ ಟಿಕ್ ಮಾತ್ರ ಎಲ್ಲರದ್ದೂ ಬಿದ್ದಿತ್ತು.)

ಅಣ್ಣ: ಆ ಕಡೆ ಟ್ರಾಫಿಕ್ ಜಾಸ್ತಿ ಅತ್ತೆ.

ನಾನು: ಬ್ರಿಟನ್ನಿನಲ್ಲಿ ಈಗ ಒಂದು ಪೇಟ್ರಿಯಟ್ ಇಂಜಿನ್ನನ್ನು ಹೊಸದಾಗಿ ಕಟ್ಟುತ್ತಿದ್ದಾರೆ, ಜನರ ದೇಣಿಗೆಯಿಂದ. 2008ರಿಂದ ನಡೆದಿದೆ. ನಂಬರು 5551. ಹಳೆಯ 5551ಕ್ಕೆ ಹೆಸರೇ ಇರಲಿಲ್ಲ. ಹೊಸದಕ್ಕೆ 'ಅನ್‌ನೋನ್ ವಾರಿಯರ್', ಗುರುತು ಸಿಗದ ಯೋಧ ಅಂತ ಇಟ್ಟಿದ್ದಾರೆ.

ಚಿಕ್ಕಪ್ಪ: ಅದೇ ಸರಿ. ಎಲ್ಲರಿಗೂ ಸೇರಿದ್ದು.

ದೊಡ್ಡಪ್ಪ: ನಾನು ಒಪ್ಪಲ್ಲ. ಎಲ್ಲರಿಗೂ ಸೇರಿದ್ದು ಅಂದರೆ ಯಾರಿಗೂ ಸೇರದ್ದು. ವುಡ್ ಯುದ್ಧದಿಂದ ಬಂದು ಇಂಜಿನ್ ಡ್ರೈವರ್ ಆದವರು ತಾನೇ? ಅಂಥವರ ಹೆಸರು ಇರಬೇಕು.

ನಾನು: ಹೌದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಶೆಡ್‌ನವರು. 1918ರ ಅಕ್ಟೋಬರ್‌ನಲ್ಲಿ ಇಟಲಿಯಲ್ಲಿ ಲೂಯಿಸ್ ಮೆಷಿನ್ ಗನ್ ಹಿಡಿದು ಒಬ್ಬರೇ ನುಗ್ಗಿದರು, 140 ಶತ್ರು ಸೈನಿಕರು ಶರಣಾದರು. ಅಲ್ಲಿಗೇ ನಿಲ್ಲದೆ ಮುಂದಕ್ಕೆ ಹೋದರು, ಇನ್ನೂ 160ಕ್ಕಿಂತ ಜಾಸ್ತಿ ಜನ.

ಚಿಕ್ಕಪ್ಪ: ಗುರುತೇ ಸಿಗದೆ ಸತ್ತವನ ಮನೆಯವರು ಎಲ್ಲಿ ಹೋಗಿ ಹೂವಿಡಬೇಕು, ಅದನ್ನು ಹೇಳಿ ಮೊದಲು.

ದೊಡ್ಡಪ್ಪ: ಅದಕ್ಕೆ ಸಮಾಧಿ ಇದೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಇಂಜಿನ್ ಬೇರೆ ಲೆಕ್ಕ. ಹೊಸ ಇಂಜಿನ್ನಿಗೆ ಕ್ರಿಸ್ಟಿ ಹೆಸರು ಇಡಬೇಕಿತ್ತು. ಬಿಟ್ಟುಹೋದವನು ಅವನೇ.

ಚಿಕ್ಕಪ್ಪ: ದೇಣಿಗೆ ಕೊಟ್ಟವರ ಇಂಜಿನ್ ಅದು. ನೀವು ಎಷ್ಟು ಕೊಟ್ಟಿರಿ?