ಗಡಿಯಾರದ ಹರಳಿನಲ್ಲಿ ಎರಡು ಶಿಖರ: ಇದು ನಿಜವಾದ ಜೋಡಣೆಯೇ?

ಹರಳುಪ್ರಿಯ, ದಾವಣಗೆರೆ:
ಪದವಿ ವಿದ್ಯಾರ್ಥಿಗಳಿಗೆ ನ್ಯಾನೊ ಅನುರಣಕಗಳ, ಅಂದರೆ ತಮ್ಮದೇ ಆವೃತ್ತಿಯಲ್ಲಿ ಕಂಪಿಸುವ ಅತಿ ಸಣ್ಣ ತೊಲೆಗಳ, ಪಾಠ ಮಾಡಬೇಕಿದೆ. ನ್ಯಾನೊ ತೊಲೆಯನ್ನು ಅವರ ಕೈಗೆ ಕೊಡಲಾರೆ. ಅದಕ್ಕೇ ಕೈಗಡಿಯಾರದ 32,768 ಹರ್ಟ್ಸ್‌ನ ಎರಡು ಕ್ವಾರ್ಟ್ಸ್ ಹರಳುಗಳ ಡಬ್ಬಿ ಕತ್ತರಿಸಿ, ಒಳಗಿನ ಶ್ರುತಿಕವೆಗಳನ್ನು (ಎರಡು ತೋಳಿನ, ಕವೆಯಾಕಾರದ ಕಂಪಕಗಳನ್ನು) ಒಂದೇ ಬೋರ್ಡಿನ ಮೇಲೆ ಅಕ್ಕಪಕ್ಕ ಬೆಸೆದಿದ್ದೇನೆ. ಎರಡಕ್ಕೂ ಸಮಾಂತರವಾಗಿ, ಬೇಕಾದ ಆವೃತ್ತಿ ಹುಟ್ಟಿಸುವ ಎಡಿ 9850 ಮಾಡ್ಯೂಲ್‌ನಿಂದ ಸಂಕೇತ. 1 ಹರ್ಟ್ಸ್‌ಗೊಂದು ಹೆಜ್ಜೆ, ಹೆಜ್ಜೆಗೆ 20 ಮಿಲಿಸೆಕೆಂಡು. 32,751 ಮತ್ತು 32,762ರಲ್ಲಿ ವಿದ್ಯುತ್ತಿನ ಶಿಖರಗಳು ಬಂದವು, ನಡುವೆ ಆಳವಾದ ತಗ್ಗು. ಜೋಡಣೆಯಿಂದಲೇ, ಅಂದರೆ ಒಂದರ ಕಂಪನ ಇನ್ನೊಂದಕ್ಕೆ ತಲುಪುವುದರಿಂದಲೇ, ಆವೃತ್ತಿ ಎರಡಾಗಿ ಸೀಳಿದೆ ಎಂದು ಹಿಗ್ಗಿದೆ. ಸಂಜೆ ಅಳೆದರೆ ಅಂತರ 9ಕ್ಕೆ ಇಳಿದಿತ್ತು, ಶಿಖರದ ಬಲಕ್ಕೆ ಅಲೆಅಲೆಯಾಗಿ ಏರಿಳಿತ. ಹಿಂದಿನ ಬೀದಿಯಲ್ಲಿ ಮಂಡಕ್ಕಿ ಭಟ್ಟಿಯಿದೆ, ಮಧ್ಯಾಹ್ನದ ಸೆಕೆ 39 ಡಿಗ್ರಿ. ಯಾವುದನ್ನು ದೂರಲಿ?

ಕೋಟೆಬಾಗಿಲು, ಚಿತ್ರದುರ್ಗ:
ಭಟ್ಟಿಯನ್ನು ಬಿಟ್ಟುಬಿಡಿ. ಮೋಟಾರಿನ ನಡುಕ ಹತ್ತಾರು ಹರ್ಟ್ಸ್‌ನದು, ನಿಮ್ಮ ಕವೆಯನ್ನು ಅದು ಕುಣಿಸಲಾರದು. ಸೆಕೆಯೂ ಅಲ್ಲ: ಈ ಹರಳುಗಳ ಆವೃತ್ತಿ 25 ಡಿಗ್ರಿಯಲ್ಲಿ ಗರಿಷ್ಠ, 39ರಲ್ಲಿ ಕಾಲು ಹರ್ಟ್ಸ್‌ನಷ್ಟೂ ಇಳಿಯುವುದಿಲ್ಲ. ದೋಷ ಅವಸರದ್ದು. ಗಾಳಿಯಲ್ಲಿ ಈ ಕವೆಯ ಗುಣಾಂಕ (ಕಂಪನ ಎಷ್ಟು ನಿಧಾನವಾಗಿ ತಣಿಯುತ್ತದೆ ಎನ್ನುವ ಅಳತೆ, ಕ್ಯೂ) ಸುಮಾರು 10,000. ಅಂದರೆ ಒಮ್ಮೆ ಎಬ್ಬಿಸಿದ ಕಂಪನ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿಯಲೇ ಸುಮಾರು 0.1 ಸೆಕೆಂಡು ಬೇಕು. ಹಳೆಯ ಕಂಪನ ಇನ್ನೂ ಮೊರೆಯುತ್ತಿರುವಾಗಲೇ ನೀವು ಮುಂದಿನ ಆವೃತ್ತಿಗೆ ಹಾರುತ್ತೀರಿ. ಬಲಗಡೆಯ ಅಲೆಗಳು ಅದರದೇ ಗುರುತು. ಹೆಜ್ಜೆಗೆ ಅರ್ಧ ಸೆಕೆಂಡು ಕೊಡಿ.

ಇನ್ನು ಮುಖ್ಯ ಮಾತು. ಸಮಾಂತರವಾಗಿ ಕಟ್ಟಿದಾಗ ಎರಡರ ವಿದ್ಯುತ್ತೂ ಕೂಡಿಯೇ ಬರುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕವೆಗಳೂ ಎರಡು ಶಿಖರ ತೋರಿಸುತ್ತವೆ; ನಡುವೆ ಅವುಗಳ ವಿದ್ಯುತ್ತು ವಿರುದ್ಧ ಹಂತದಲ್ಲಿದ್ದು ಪರಸ್ಪರ ಅಳಿಸುವುದರಿಂದ ತಗ್ಗು. ಒಂದನ್ನು ಮಾತ್ರ ಕುಣಿಸಿ ಅದನ್ನೇ ಅಳೆಯಿರಿ. ಇನ್ನೊಂದರ ಎರಡೂ ತಂತಿಗಾಲುಗಳನ್ನು ಕೂಡಿಸಿ ಗ್ರೌಂಡ್‌ಗೆ ಕಟ್ಟಿ. ಆಮೇಲೆ ಹೆಚ್ಚು ಆವೃತ್ತಿಯದರ ತೋಳುಗಳ ತುದಿಗೆ ಸೂಜಿಯಿಂದ ಉಗುರುಬಣ್ಣ ಮುಟ್ಟಿಸುತ್ತ ಇನ್ನೊಂದರ ಹತ್ತಿರಕ್ಕೆ ಇಳಿಸಿ. ಜೋಡಣೆಯಿದ್ದರೆ ಶಿಖರಗಳು ಒಂದನ್ನೊಂದು ದಾಟುವುದಿಲ್ಲ, ಸಮೀಪಿಸಿ ದೂರ ಸರಿಯುತ್ತವೆ. ಮೆಗಾಹರ್ಟ್ಸ್‌ನಲ್ಲಿ ಕಂಪಿಸುವ ಸಿಲಿಕಾನ್ ನೈಟ್ರೈಡ್ ತೊಲೆಗಳಲ್ಲಿ ಈ ಕೆಲಸವನ್ನು ವೋಲ್ಟೇಜ್ ಮಾಡುತ್ತದೆ, ನಮಗೆ ಉಗುರುಬಣ್ಣ.

ಹರಳುಪ್ರಿಯ, ದಾವಣಗೆರೆ:
ಹಾಗೆಯೇ ಮಾಡಿದೆ. ಎರಡನೆಯ ಶಿಖರ ಮಾಯ! ಅಲೆಗಳೂ ಹೋದವು. ಆವೃತ್ತಿ ಸರಿಸಮವಾದಾಗಲೂ 4 ಹರ್ಟ್ಸ್ ಅಗಲದ ಒಂದೇ ಶಿಖರ. ಮನಸ್ಸಿಗೆ ಪಿಚ್ಚೆನಿಸಿತು.

ಕೋಟೆಬಾಗಿಲು, ಚಿತ್ರದುರ್ಗ:
ಪಿಚ್ಚೆನಿಸಬೇಕಿಲ್ಲ, ಗಡಿಯಾರಕ್ಕೆ ಬೇಕಾದದ್ದೇ ಅದು. ಕವೆಯ ಎರಡು ತೋಳುಗಳು ಎದುರುಬದುರಾಗಿ ಚಲಿಸುವುದರಿಂದ ಬುಡದಲ್ಲಿ ಬಲಗಳು ಸರಿದೂಗುತ್ತವೆ, ಕಂಪನ ಹೊರಗೆ ಸೋರುವುದಿಲ್ಲ. ಸೋರದಿದ್ದರೆ ಪಕ್ಕದವನಿಗೆ ತಲುಪುವುದಾದರೂ ಹೇಗೆ? ನಿಮಗೆ ಬೇಕಿರುವುದು ಸೋರಿಕೆ. ಪಕ್ಕಪಕ್ಕದ ನ್ಯಾನೊ ತೊಲೆಗಳೂ ಹಂಚಿಕೊಂಡ ಆಧಾರದ ಮೂಲಕವೇ ಮಾತಾಡಿಕೊಳ್ಳುತ್ತವೆ. ಎರಡೂ ಕವೆಗಳಲ್ಲಿ ಒಂದೊಂದು ತೋಳಿಗೆ ಮಾತ್ರ ಬಣ್ಣ ಹಚ್ಚಿ ಸಮತೋಲ ಕೆಡಿಸಿ, ಬುಡಗಳನ್ನು ಒಂದಕ್ಕೊಂದು ಅಂಟಿಸಿ. ಅಂತರವು ಶಿಖರದ ಅಗಲವನ್ನು ಮೀರಿದರೆ ಮಾತ್ರ ಕಣ್ಣಿಗೆ ಕಾಣುತ್ತದೆ.

ಬಯಲುಸೀಮೆ, ಚಳ್ಳಕೆರೆ:
ಅಂಟು ಗಡಸಾಗಿರಲಿ. ರಬ್ಬರಿನಂತಹ ಸಿಲಿಕೋನ್ ಕಂಪನವನ್ನು ನುಂಗಿಬಿಡುತ್ತದೆ. ಎಪಾಕ್ಸಿ ಹಾಕಿ ಒಂದು ರಾತ್ರಿ ಬಿಡಿ.

ಹರಳುಪ್ರಿಯ, ದಾವಣಗೆರೆ:
ಎಪಾಕ್ಸಿ ಒಣಗಿದ ಮೇಲೆ ಅಳೆದೆ. ಒಂದನ್ನೇ ಕುಣಿಸಿದರೂ ಎರಡು ಶಿಖರ. ಬಣ್ಣದ ಚುಕ್ಕೆ ಸೇರಿಸುತ್ತ ಹೋದಂತೆ ಹತ್ತಿರ ಬಂದು, 7 ಹರ್ಟ್ಸ್ ದೂರದಲ್ಲಿ ಎರಡೂ ಸಮ ಎತ್ತರಕ್ಕೆ ನಿಂತವು. ಇನ್ನೊಂದು ಚುಕ್ಕೆ ಇಟ್ಟಾಗ ಮತ್ತೆ ದೂರ ಸರಿದವು. ಶಿಖರದ ಅಗಲ 5 ಹರ್ಟ್ಸ್‌ಗೆ ಏರಿದೆ, ಅದು ಸೋರಿಕೆಯ ಬೆಲೆ. ಸೋಮವಾರದ ತರಗತಿಯಲ್ಲಿ ಆ ಕೊನೆಯ ಚುಕ್ಕೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಇಡಿಸುತ್ತೇನೆ.