ರಾಯಚೂರಲ್ಲಿ ‘ಗರ್ಮ್ ಹವಾ’ ತೋರಿಸಬೇಕು, ಚರ್ಚೆ ಹೇಗೆ ನಡೆಸೋದು?

ರಾಯಚೂರು ಗೆಳೆಯ
ನಾವು ಕೆಲವರು ಸೇರಿ ಆಗಾಗ ಸಿನಿಮಾ ತೋರಿಸಿ, ಆಮೇಲೆ ಕೂತು ಮಾತಾಡುತ್ತೇವೆ. ಸೆಪ್ಟೆಂಬರ್ 17, ನಮ್ಮ ಭಾಗ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನ. ಆ ವಾರಕ್ಕೆ ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’ ಇಟ್ಟುಕೊಂಡಿದ್ದೇವೆ, ದೇಶ ವಿಭಜನೆಯ ಹೊತ್ತಿನ ಆಗ್ರಾದ ಒಂದು ಮುಸ್ಲಿಂ ಮನೆತನದ ಕಥೆ. ಎರಡು ಚಿಂತೆ ಇದೆ. ಸಿನಿಮಾ ಉರ್ದುವಿನಲ್ಲಿದೆ, ಹಳ್ಳಿಯಿಂದ ಬರುವವರಿಗೆ ಅರ್ಥ ಆಗುತ್ತಾ? ಇನ್ನೊಂದು, ದೇಶ ವಿಭಜನೆ ಅಂದ ಕೂಡಲೇ ನಮ್ಮ ಕಡೆ ಮಾತು ಸೀದಾ ರಜಾಕಾರರ (ನಿಜಾಮನ ಪರ ಇದ್ದ ಸಶಸ್ತ್ರ ಪಡೆ) ಹತ್ತಿರ ಹೋಗುತ್ತದೆ, ದನಿ ಏರುತ್ತದೆ. ಹೋದ ಸಲ ಇಬ್ಬರೇ ಕಿತ್ತಾಡಿದರು, ಮಾತಾಡಬೇಕು ಅಂತ ಬಂದಿದ್ದ ಹೆಣ್ಣುಮಕ್ಕಳು ಸುಮ್ನೆ ಎದ್ದು ಹೋದರು. ಇಂಥದ್ದನ್ನು ನಡೆಸಿದವರಿದ್ದರೆ ಹೇಳ್ರಿ.

ತುಂಗಾತೀರ
ಭಾಷೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀನಾಸಂ ರಂಗಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲೇ ಹೆಗ್ಗೋಡಿನಲ್ಲಿ ಹಳ್ಳಿಯವರಿಗೆ ಪರದೇಶದ ಸಿನಿಮಾ ತೋರಿಸಿದರು, ಜನ ಕೂತು ನೋಡಿದರು. ಶುರುವಿಗೆ ಐದು ನಿಮಿಷ ಕನ್ನಡದಲ್ಲಿ ಸಿನಿಮಾದ ಮನೆತನದ ಪರಿಚಯ ಮಾಡಿಕೊಡಿ, ಸಾಕು.

‘ವಿಭಜನೆಗೆ ಯಾರು ಕಾರಣ’ ಅಂತ ಮಾತ್ರ ಚರ್ಚೆ ಶುರು ಮಾಡಬೇಡಿ. ಅದಕ್ಕೆ ಎಲ್ಲರೂ ಉತ್ತರ ಮನೆಯಿಂದಲೇ ತಂದಿರುತ್ತಾರೆ. ಸಿನಿಮಾದಲ್ಲಿರುವ ಹವೇಲಿಯಿಂದ ಶುರು ಮಾಡಿ. ಆಗ್ರಾದಲ್ಲಿ ಶೂ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾ ಊರು ಬಿಡುವುದಿಲ್ಲ, ಆದರೆ ಮನೆ ಇರುವುದು ಅಣ್ಣನ ಹೆಸರಿನಲ್ಲಿ. ಅಣ್ಣ ಪಾಕಿಸ್ತಾನಕ್ಕೆ ಹೋದ, ಮನೆ ಸರ್ಕಾರದ ವಶವಾಯಿತು. ಮುದುಕಿ ತಾಯಿ ಬರಲ್ಲ ಅಂತ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಕೊನೆಗಾಲಕ್ಕೆ ಪಲ್ಲಕ್ಕಿಯಲ್ಲಿ ಅದೇ ಮನೆಗೆ ಅವಳನ್ನು ಹೊತ್ತು ತರುತ್ತಾರೆ. ‘ನಿಮ್ಮ ಮನೆಪತ್ರ ಯಾರ ಹೆಸರಲ್ಲಿದೆ?’ ಅಂತ ಸಭೆಯನ್ನೇ ಕೇಳಿ ನೋಡಿ, ಹೆಣ್ಣುಮಕ್ಕಳೇ ಮೊದಲು ಬಾಯಿ ಬಿಡುತ್ತಾರೆ. ಆಮೇಲೆ ಸಾಲದ ವಿಷಯ: ಇವನೂ ನಾಳೆ ಗಂಟುಮೂಟೆ ಕಟ್ಟಿದರೆ ಏನು ಗತಿ ಅಂತ ಸಲೀಂಗೆ ಯಾರೂ ಸಾಲ ಕೊಡಲ್ಲ. ಅನುಮಾನ ಅನ್ನುವುದು ಒಬ್ಬನ ದಂಧೆಯನ್ನು ಹೇಗೆ ಮುಳುಗಿಸುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಭಾಷಣದಲ್ಲಿ ಹೇಳಕ್ಕಾಗಲ್ಲ.

ಬೀದರಿನವ
ಒಪ್ಪುತ್ತೇನೆ, ಆದರೆ ರಜಾಕಾರರ ಮಾತು ಬಂದರೆ ತಡೆಯಬೇಡಿ. ಹಳ್ಳಿಗಳು ಅವರ ಕೈಲಿ ಅನುಭವಿಸಿದ್ದು ಸುಳ್ಳಲ್ಲ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ, ಅದರ ನಂತರ ಮುಸ್ಲಿಮರ ಮೇಲೆ ನಡೆದದ್ದೂ ಸುಳ್ಳಲ್ಲ. ನೆಹರೂ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿ, ಕಡಿಮೆ ಅಂದರೂ 27,000ದಿಂದ 40,000 ಜನ ಸತ್ತರು ಅಂತ ಅಂದಾಜು ಕೊಟ್ಟಿತ್ತು. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮ ಬೀದರ್, ಗುಲ್ಬರ್ಗಾ ಎರಡೂ ಇವೆ. 17ರ ವಾರದಲ್ಲಿ ಒಂದನ್ನೇ ಹೇಳಿ ಇನ್ನೊಂದನ್ನು ನುಂಗಿದರೆ ಸಭೆಯಲ್ಲಿ ಅರ್ಧ ಜನ ಮಾತೇ ಆಡಲ್ಲ. ಅಜ್ಜ-ಅಜ್ಜಿ ಹೇಳಿದ್ದನ್ನು ಕೇಳಿ ಬೆಳೆದವರಿಗೆ ಮೊದಲು ಮೈಕ್ ಕೊಡ್ರಿ, ವಾದ ಮಾಡುವವರು ಆಮೇಲೆ.

ಪ್ರೊಜೆಕ್ಟರ್ ಮನೆ
ಹಕ್ಕು ಇರುವವರಿಂದ ಮೊದಲೇ ಬರಹದಲ್ಲಿ ಅನುಮತಿ ತಗೊಳ್ಳಿ. ಒಟಿಟಿ ಖಾತೆ ಸ್ವಂತ ನೋಡೋಕೆ ಮಾತ್ರ, ಸಭೆಗೆ ಹಾಕುವಂತಿಲ್ಲ. 2014ರಲ್ಲಿ ರಿಪೇರಿ ಮಾಡಿ ಮತ್ತೆ ಬಿಡುಗಡೆ ಮಾಡಿದ ಪ್ರತಿ ಸಿಕ್ಕರೆ ಅದನ್ನೇ ಹಾಕಿ.

ಗಲಾಟೆ ಆಗುತ್ತೆ ಅನ್ನುವ ಭಯ ಈ ಸಿನಿಮಾಕ್ಕೆ ಹೊಸದಲ್ಲ. ಅದೇ ಭಯಕ್ಕೆ ಸೆನ್ಸಾರ್‌ನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು. 1974ರಲ್ಲಿ ಮೊದಲು ತೆರೆ ಕಂಡಿದ್ದು ಬೆಂಗಳೂರಿನಲ್ಲಿ, ಅಲ್ಲಿ ಚೆನ್ನಾಗಿ ನಡೆದ ಮೇಲೆ ಬೇರೆ ಊರಿಗೆ ಹೋಯಿತು. ಹೆಚ್ಚುಕಡಿಮೆ ಎರಡೂವರೆ ಗಂಟೆಯ ಸಿನಿಮಾ, ಸಂಜೆ ಆರಕ್ಕೆ ಇಟ್ಟರೆ ಚರ್ಚೆ ಹೊತ್ತಿಗೆ ಹಳ್ಳಿಯವರು ಕೊನೆ ಬಸ್ಸಿಗೆ ಓಡುತ್ತಾರೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಶುರು ಮಾಡಿ.